ದೇವರ ಹೂವಿನ ಬುಟ್ಟಿ

ತೊಂಬತ್ತರ ದಶಕದಲ್ಲಿ ನಾನು ಹಿರಿಯೂರಿನ ದೊಡ್ಡವ್ವನ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಿದ್ದೆ. ದೇವಸ್ಥಾನಕ್ಕೆ ದಿನಾ ವರ್ತನೆ ಹೂ ಕೊಡುವ ಮನೆ ಅದು. ಎಡಗೈಯಲ್ಲಿ ಕಾಕಡ ಹೂ ಜೋಡಿಸಿ ಹಿಡಿದು, ಬಲಗೈಯಲ್ಲಿ ಬಾಳೆನಾರು ಸುತ್ತಿ ಬಿಗಿಯುವುದನ್ನು ದೊಡ್ಡವ್ವನೇ ಕಲಿಸಿದ್ದಳು. ಹರಟುತ್ತ ಕಟ್ಟಿದರೂ ನನ್ನ ಕೈ ತಪ್ಪುತ್ತಿರಲಿಲ್ಲ. ಆದರೆ ತಿಂಗಳಲ್ಲಿ ಕೆಲವು ದಿನ ಅದೇನಾಗುತ್ತಿತ್ತೋ, ಎಡಗೈ ಹೂ ಒಡ್ಡುವ ಮೊದಲೇ ಬಲಗೈ ಗಂಟು ಹಾಕಿಬಿಡುತ್ತಿತ್ತು.

ಅಂಥದೊಂದು ದಿನ ನಾನು ಕಟ್ಟಿದ ಮಾಲೆ ಪೂಜಾರಿಯ ಕೈಯಲ್ಲೇ ಉದುರಿತು. ದೊಡ್ಡವ್ವನ ಮುಖ ಕಪ್ಪಿಟ್ಟಿತು.

“ಲೇ, ಹೊರಗಾಗಿದ್ದೀಯೇನೆ? ಮುಟ್ಟು ಮುಚ್ಚಿಟ್ಕಂಡು ದೇವ್ರ ಹೂ ಕಟ್ಟಿದ್ಯಾ?”

“ಇಲ್ಲ ದೊಡ್ಡವ್ವ, ನಿನ್ನಾಣೆ.”

ಎರಡು ದಿನ ಕಳೆದು ನಿಜವಾಗಿಯೂ ಹೊರಗಾದೆ. ನಾನೇ ಹೋಗಿ ಹೇಳಿದೆ. ಹೇಳಿದ್ದೇ ನನ್ನ ವಿರುದ್ಧ ಸಾಕ್ಷಿಯಾಯಿತು. “ನಾ ಅವತ್ತೇ ಅಂದ್ಕಂಡಿದ್ದೆ. ಈಗ ಬಾಯಿ ಬಿಡ್ತೀಯಾ!” ಅಂದಳು. ಊಟ ಬಡಿಸುವ ಪ್ರೀತಿಯಲ್ಲಿ ಏನೂ ಕಡಿಮೆಯಾಗಲಿಲ್ಲ. ಆದರೆ ಅಂದಿನಿಂದ ಮಾರುವ ಹೂ ಮಾತ್ರ ನನ್ನ ಮುಂದೆ ಬರುತ್ತಿತ್ತು. ದೇವರ ಹೂವಿನ ಬುಟ್ಟಿ ಅವಳ ಮಗ್ಗುಲಿಗೇ.

ಮುಂದೆ ದೊಡ್ಡವ್ವನ ಮಂಡಿನೋವು ತೋರಿಸಲು ಚಿತ್ರದುರ್ಗಕ್ಕೆ ಹೋದೆವು. ಡಾಕ್ಟರಮ್ಮ ಸಲಿಗೆಯಿಂದ ಮಾತಾಡುವವರು. ಧೈರ್ಯ ಮಾಡಿ ನನ್ನ ಕೈಗಳ ವಿಷಯ ಕೇಳಿಯೇಬಿಟ್ಟೆ.

“ಮೆದುಳಿಗೆ ಎರಡು ಭಾಗ ಕಣಮ್ಮ. ಬಲಭಾಗ ಎಡಗೈ ನಡೆಸುತ್ತೆ, ಎಡಭಾಗ ಬಲಗೈ. ನಡುವೆ ನರಗಳ ಸೇತುವೆ ಐತೆ, ಅದರ ಮೇಲೇನೇ ಎರಡರ ಮಾತುಕತೆ. ತಿಂಗಳಲ್ಲಿ ಹಾರ್ಮೋನು ಏರಿಳಿದಾಗ ಆ ಮಾತುಕತೇನೂ ಸ್ವಲ್ಪ ಬದಲಾಗಬಹುದು ಅಂತ ಓದಿದೀನಿ. ನಿಂಗೆ ಅದೇ ಕಾರಣ ಅಂತ ಖಂಡಿತ ಹೇಳಾಕಾಗಲ್ಲ, ಎಲ್ರಿಗೂ ಹಿಂಗಾಗಲ್ಲ. ಆದ್ರೆ ಕೆಲವರಿಗೆ ಮುಟ್ಟಿಗೆ ಮುಂಚೆ ಕೈ ತಡವರಿಸ್ತಾವೆ. ಹೆದರಬೇಡ.”

ದೊಡ್ಡವ್ವ ಕುರ್ಚಿಯಿಂದ ಮುಂದೆ ಬಾಗಿದಳು. “ಮುಂಚೇನಾ? ಹೊರಗಾಗಾಕಿಂತ ಮೊದ್ಲೇನಾ ತಾಯಿ?”

“ಹೂಂ, ಮೊದ್ಲೇ.”

ವಾಪಸ್ ಬರುವಾಗ ಬಸ್ಸಿನಲ್ಲಿ ದೊಡ್ಡವ್ವ ಒಮ್ಮೆಲೇ, “ಆ ಎರಡು ಭಾಗ ಒಂದೇ ತಲೆಯಾಗಿದ್ಕಂಡೂ ಮಾತು ಬಿಡ್ತಾವಂತಲ್ಲೇ! ನಾನೂ ನಿಮ್ಮ ದೊಡ್ಡಪ್ಪನೂ ಇದ್ದಂಗೆ!” ಎಂದು ನಕ್ಕಳು. ನಗು ನಿಂತ ಮೇಲೆ ನನ್ನ ಕೈ ಹಿಡಿದುಕೊಂಡು, “ನೀ ಸುಳ್ಳು ಹೇಳಿರಲಿಲ್ಲ ಕಣವ್ವ” ಅಂದಳು.

ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಮರುದಿನ ಬೆಳಿಗ್ಗೆ ದೇವರ ಹೂವಿನ ಬುಟ್ಟಿಯನ್ನು ನನ್ನ ಮುಂದೆ ತಳ್ಳಿದಳು.

“ಇವತ್ತು ಹೆಂಗೈತೆ? ಎರಡೂ ಕಡೆಯವ್ರು ಮಾತಾಡ್ತಾ ಅವ್ರೇನೆ?”

“ಮಾತಾಡ್ತಾ ಅವ್ರೆ ದೊಡ್ಡವ್ವ.”

“ಹಂಗಾದ್ರೆ ಬೇಗ ಕಟ್ಟು, ಮತ್ತೆ ಜಗಳ ಆಡ್ಕಂಡಾರು.”