ಮಾವನ ಕಣ್ಣಿಗೆ ಕಂಡ ನನ್ನ ತಲೆಯ ಅಲೆಗಳು

ನನಗೆ ಒಂಬತ್ತು ವರ್ಷವಾದಾಗ ಮೂರ್ಛೆ ಬರಲು ಶುರುವಾಯಿತು. ಡಾಕ್ಟರು ಕೊಟ್ಟ ಬ್ರೋಮೈಡ್ ಮಿಕ್ಸ್ಚರು ನನ್ನನ್ನು ಹಗಲೆಲ್ಲ ತೂಕಡಿಸುವಂತೆ ಮಾಡಿತು, ಮುಖದ ತುಂಬ ಮೊಡವೆ ಎಬ್ಬಿಸಿತು. ಮೂರ್ಛೆಯ ತಂಟೆಗೆ ಮಾತ್ರ ಹೋಗಲಿಲ್ಲ. ಔಷಧ ಹೆಚ್ಚಿಸಿದರು. ಮೊಡವೆಯೂ ಹೆಚ್ಚಿತು. ಶಾಲೆ ಬಿಡಿಸಿದರು.

ನಮ್ಮದು ಅಳಿಯಸಂತಾನದ ಮನೆ. ಅಮ್ಮನ ಅಣ್ಣನೇ ಯಜಮಾನ. ಮಂಗಳೂರಿಗೆ ಆಗಷ್ಟೇ ಕರೆಂಟು ಬಂದಿತ್ತು. ಚಾವಡಿಗೆ ಒಂದು ಬಲ್ಬು ಹಾಕಿಸಿದ ಮಾವ ತಾವೇ ಅರ್ಧ ಇಂಜಿನಿಯರ್ ಎಂದುಕೊಂಡಿದ್ದರು. ಜರ್ಮನಿಯಲ್ಲಿ ಯಾರೋ ರೋಗಿಗಳ ತಲೆಗೆ ತಂತಿ ಅಂಟಿಸಿ, ಮಿದುಳಿನ ವಿದ್ಯುತ್ತನ್ನು ಕಾಗದದ ಮೇಲೆ ಅಲೆಅಲೆಯಾಗಿ ಬರೆಸಿದರೆಂದು ಒಂದು ದಿನ ಪೇಪರಿನಲ್ಲಿ ಓದಿದರು. ಜರ್ಮನರಿಗೆ ಯಂತ್ರ ಬೇಕಾಯಿತು. ಮಾವನಿಗೆ ನನ್ನ ಜಡೆ ನೋಡಿದರೆ ಸಾಕಾಗುತ್ತಿತ್ತು.

ಬಂದ ನೆಂಟರಿಗೆಲ್ಲ ಕಾಫಿಯ ಜೊತೆಗೆ ನನ್ನ ತಲೆಯ ಪ್ರದರ್ಶನ. "ಇವಳಿಗೆ ಒಳಗೆ ಕರೆಂಟು ಜಾಸ್ತಿ ಉಂಟು. ಪಣಂಬೂರಿನ ಕಡಲಿನ ಹಾಗೆ ಏಳ್ತದೆ," ಎಂದು ಕೈಯಾಡಿಸಿ ತೋರಿಸುತ್ತಿದ್ದರು. ನೆಂಟರು ಕುರ್ಚಿ ಹಿಂದೆ ಸರಿಸುತ್ತಿದ್ದರು. ನನಗೆ ನೆಲದೊಳಗೆ ಇಳಿದುಹೋಗುವಷ್ಟು ನಾಚಿಕೆ.

ಒಂದು ಸಂಜೆ ಆ ಭಾಷಣದ ನಡುವೆಯೇ ನಾನು ಬಿದ್ದೆ. ಮುಂದಿನದು ಅಮ್ಮ ಹೇಳಿದ್ದು. ಅಜ್ಜಿ ಓಡಿಬಂದು ನನ್ನ ಮುಷ್ಟಿಗೆ ಬೀಗದಕೈ ಗೊಂಚಲು ತುರುಕಿದರು.

"ಕಬ್ಬಿಣ ಕೊಡಬೇಡಿ ಅಮ್ಮ, ಶಾಕ್ ಹೊಡೀತದೆ!" ಮಾವ ಗೊಂಚಲು ಎಳೆದರು.

"ನಿನ್ನ ಪೇಪರಿನವನಿಗೆ ಎಂತ ಗೊತ್ತುಂಟು ಮಾರಾಯ?" ಅಜ್ಜಿ ಬಿಡಲಿಲ್ಲ.

ಒದ್ದಾಡುತ್ತಿದ್ದ ನನ್ನ ಮೇಲೆಯೇ ತಾಯಿ ಮಗನ ಜಗ್ಗಾಟ. ಅಡುಗೆಮನೆಯಿಂದ ಬಂದ ಅಮ್ಮ ಗೊಂಚಲನ್ನು ಕಿತ್ತು ಅಂಗಳಕ್ಕೆ ಎಸೆದಳು. ನನ್ನನ್ನು ಮಗ್ಗುಲಿಗೆ ಹೊರಳಿಸಿ ಬಾಯಿಯ ನೊರೆ ಒರೆಸಿದಳು.

"ಅಣ್ಣ, ನೀವು ಆಚೆ ಹೋಗಿ. ಮಗುವಿಗೆ ಗಾಳಿ ಬೇಕು."

ಆ ಮನೆಯಲ್ಲಿ ಯಜಮಾನನಿಗೆ ಯಾರೂ ಹಾಗೆ ಹೇಳಿದ್ದಿಲ್ಲ. ಮಾವ ಹೋದರು. ಅಕ್ಕಿ ಕೋಣೆಯ ಕೀಲಿಯೂ ಆ ಗೊಂಚಲಿನಲ್ಲೇ ಇದ್ದದ್ದರಿಂದ ಅಂಗಳದಲ್ಲಿ ಬಗ್ಗಿ ಹುಡುಕತೊಡಗಿದರು.

ಮರುದಿನ ಅಮ್ಮ ಡಾಕ್ಟರನ್ನು ನೇರವಾಗಿ ಕೇಳಿದಳು: "ಈ ಮದ್ದಿನಿಂದ ನಿಲ್ತದಾ?"

"ಕೆಲವು ಮಕ್ಕಳಿಗೆ ಯಾವುದರಿಂದಲೂ ನಿಲ್ಲುವುದಿಲ್ಲಮ್ಮ."

"ಹಾಗಾದರೆ ಇವಳನ್ನು ಶಾಲೆಗೆ ಕಳಿಸ್ತೇನೆ. ಮನೆಯಲ್ಲಿ ಬೀಳುವವಳು ಅಲ್ಲಿ ಬೀಳ್ತಾಳೆ."

ಅಂಟುರೋಗವೆಂದು ಟೀಚರು ನನ್ನನ್ನು ಒಂಟಿ ಬೆಂಚಿನಲ್ಲಿ ಕೂರಿಸಿದರು. ಹುಡುಗಿಯರೇ ಬಂದು ಪಕ್ಕದಲ್ಲಿ ಕುಳಿತರು. ಬಿದ್ದಾಗ ಮಗ್ಗುಲಿಗೆ ಹೊರಳಿಸುವುದನ್ನು ಅಮ್ಮನಿಂದ ಕಲಿತರು. ಮೂರ್ಛೆ ನಿಲ್ಲಲಿಲ್ಲ. ಆ ವರ್ಷ ಲೆಕ್ಕದಲ್ಲಿ ಫೇಲಾದೆ. ಅದಕ್ಕೆ ಮೂರ್ಛೆ ಕಾರಣವಲ್ಲ. ಪಕ್ಕದವಳೂ ಫೇಲಾಗಿದ್ದಳು, ನಾನು ಅವಳದ್ದನ್ನೇ ನೋಡಿ ಬರೆದಿದ್ದೆ.