ಟೈರು ಸತ್ತ ಬಗೆ ಬಲ್ಲ ಹುಚ್ಚಮ್ಮ

ಅರಸೀಕೆರೆಯ ಗುಜರಿ ಅಂಗಡಿಗಳ ಸಾಲಿನಲ್ಲಿ ಕೂತು ಹುಚ್ಚಮ್ಮ ಹಳೆಯ ಟೈರು ಕೊಯ್ದು ಎಕ್ಕಡ ಮಾಡುತ್ತಿದ್ದಳು. ಇಪ್ಪತ್ತು ವರ್ಷದಲ್ಲಿ ಅವಳ ಚಾಕುವಿಗೆ ಸಿಕ್ಕ ಟೈರುಗಳಿಗೆ ಲೆಕ್ಕವಿಲ್ಲ. ಆದರೂ ಟೈರು ಕೊಳ್ಳಲು ಬಂದ ಮಹಾಶಯರು ಅವಳನ್ನು ಒಂದು ಮಾತು ಕೇಳಿದವರಲ್ಲ. ಹಿತ್ತಲ ಗಿಡ ಮದ್ದಲ್ಲ, ನೋಡಿ.

ಎಪ್ಪತ್ತೆಂಟರ ಬೇಸಿಗೆಯಲ್ಲಿ ಹಳೇಬೀಡಿನ ಪುಷ್ಪದಂತಯ್ಯನವರು ಟ್ರ್ಯಾಕ್ಟರ್ ಡ್ರೈವರ್ ಚನ್ನಪ್ಪನ ಜೊತೆ ಅಲ್ಲಿಗೆ ಬಂದರು. ಅವರ ಮನೆತನದ ಬಸದಿಗೆ ಮಾಡಿಸಿದ ಪಾರ್ಶ್ವನಾಥನ ಕಲ್ಲುಮೂರ್ತಿ ರೈಲಿನಲ್ಲಿ ಅರಸೀಕೆರೆಗೆ ಬಂದಿಳಿದಿತ್ತು. ಮೂರು ಟನ್ ತೂಕ. ದಾರಿಯಲ್ಲಿ ಟೈರು ಒಡೆದು ಟ್ರೈಲರ್ ವಾಲಿ, ಮೂರ್ತಿಯ ಒಂದು ಬೆರಳು ಮುಕ್ಕಾದರೂ ಸಾಕು, ಅದು ಪೂಜೆಗೆ ಸಲ್ಲದು. ಟ್ರೈಲರಿನ ಟೈರುಗಳೋ ಬಿರುಕು ಬಿಟ್ಟಿದ್ದವು. ಹೊಸದಕ್ಕೆ ತಿಂಗಳುಗಟ್ಟಲೆ ಕಾಯಬೇಕಿತ್ತು.

ಚನ್ನಪ್ಪ ದಪ್ಪ ಬಟನ್ನಿನ, ಅಂದರೆ ನೆಲ ಕಚ್ಚುವ ಉಬ್ಬುಗಳಿದ್ದ, ಟೈರೊಂದರ ಮೇಲೆ ಕೈಯಿಟ್ಟ.

"ಅದು ಬ್ಯಾಡ ಕಣಪ್ಪಾ," ಎಂದಳು ಹುಚ್ಚಮ್ಮ.

"ಯಾಕಕ್ಕಾ? ಬಟನ್ನು ಹೆಬ್ಬೆರಳು ಗಾತ್ರ ಐತೆ!"

"ಅದು ಆಮ್ಯಾಕೆ ಅಂಟ್ಸಿರಾದು. ಭಾರ ಹೊರಾದು ಪಕ್ಕೆ, ಅದ್ರೊಳಗಿನ ನೂಲು."

ಕೊಯ್ದ ಎರಡು ತುಂಡು ತಂದು ಅವನ ಮುಂದೆ ಹಾಕಿದಳು. ಒಂದರ ಒಳಗಿನ ನೂಲು ಚಿಂದಿಯಾಗಿತ್ತು. ಇನ್ನೊಂದರದು ಹೊಸದಾಗಿ ಹೆಣೆದ ಮಂಚದಂತೆ ಬಿಗಿಯಾಗಿತ್ತು.

"ಇದು ಒಡ್ದು ಸತ್ತಿದ್ದು, ಇದು ಸವ್ದು ಸತ್ತಿದ್ದು. ನನ್ತಾವ ಬರಾವೆಲ್ಲ ಹೆಣಗಳೇ ಅಲ್ವಾ?"

ಹತ್ತು ವರ್ಷ ಟ್ರ್ಯಾಕ್ಟರ್ ಓಡಿಸಿದ ಚನ್ನಪ್ಪ ಟೈರಿನ ಒಳಮೈ ನೋಡಿದ್ದು ಅವತ್ತೇ ಮೊದಲು. ಹುಚ್ಚಮ್ಮ ಒಂದೊಂದು ಟೈರಿನೊಳಗೂ ಭುಜದವರೆಗೆ ಕೈ ತೂರಿಸಿ, ಕಣ್ಣು ಮುಚ್ಚಿ ಸವರಿದಳು. ಅಲ್ಲಿದ್ದ ಹತ್ತೊಂಬತ್ತರಲ್ಲಿ ಎರಡನ್ನು ಆರಿಸಿ ಬದಿಗಿಟ್ಟಳು.

"ಇವು ನನ್ನ ತಲೆಗಿಂತ ಬೋಳಾಗಿವೆಯಲ್ಲೋ!" ಎಂದರು ಪುಷ್ಪದಂತಯ್ಯ.

"ಇವೇ ಇರ್ಲಿ ಯಜಮಾನ್ರೇ," ಎಂದ ಚನ್ನಪ್ಪ. ಅವನ್ನೇ ಟ್ರೈಲರಿಗೆ ಹಾಕಿ ಮೂರ್ತಿಯನ್ನು ಹೇರಿದರು.

ಜಾವಗಲ್ ದಾಟಿದ ಮೇಲೆ ಮೋರಿಯ ಹತ್ತಿರ ಟ್ರೈಲರಿನ ಎಡಗಾಲಿ ಧಡ್ಡೆಂದು ಗುಂಡಿಗಿಳಿಯಿತು. ಚನ್ನಪ್ಪ ತಿರುಗಿ ನೋಡಿದ. ಮೂರು ಟನ್ ಭಾರಕ್ಕೆ ಟೈರಿನ ಪಕ್ಕೆ ಉಬ್ಬಿ ನೆಲ ಮುಟ್ಟುವಂತಾಗಿತ್ತು. ಮುಗೀತು ಅಂದುಕೊಳ್ಳುವಷ್ಟರಲ್ಲಿ ಅದು ನಿಧಾನಕ್ಕೆ ಮೈ ನೆಟ್ಟಗೆ ಮಾಡಿಕೊಂಡು ಮೇಲೆದ್ದಿತು! ಹಳೇಬೀಡಿನಲ್ಲಿ ಪುಷ್ಪದಂತಯ್ಯ ಮೂರ್ತಿಯ ಅಡಿಯಿಂದ ಮುಡಿಯವರೆಗೆ ತಡವಿ ನೋಡಿದರು. ಒಂದು ಚಕ್ಕೆಯೂ ಎದ್ದಿರಲಿಲ್ಲ. ಚನ್ನಪ್ಪ ದೇವರಿಗೆ ಕೈ ಮುಗಿದು, ಬಗ್ಗಿ ಟೈರನ್ನೂ ಮುಟ್ಟಿ ಕಣ್ಣಿಗೊತ್ತಿಕೊಂಡ.

ಆರು ವರ್ಷ ದುಡಿದು ಇನ್ನಷ್ಟು ಸವೆದ ಆ ಟೈರುಗಳನ್ನು ಅವನೇ ಹುಚ್ಚಮ್ಮನ ಬಳಿ ತಂದ. ಕೊಯ್ದರೆ ಒಂದು ನೂಲೂ ಹರಿದಿರಲಿಲ್ಲ. ಅವಳು ಅದರಲ್ಲೇ ಅವನಿಗೊಂದು ಜೊತೆ ಎಕ್ಕಡಕ್ಕೆ ಅಳತೆ ತೆಗೆಯಲು ಹೋದಾಗ ಚನ್ನಪ್ಪ ಕಾಲು ಹಿಂದೆಳೆದುಕೊಂಡ.

"ದ್ಯಾವ್ರನ್ನ ಹೊತ್ತಿದ್ದು ಅಕ್ಕಾ, ಕಾಲಿಗೆ ಹಾಕಾದಾ?"

"ಹೊರಾಕಂತ್ಲೇ ಹುಟ್ಟಿದ್ದು ಕಣಪ್ಪಾ. ದ್ಯಾವ್ರನ್ನ ಹೊತ್ತಾಯ್ತು, ಇನ್ನ ನಿನ್ನ ಹೊರ್ಲಿ. ಎತ್ತು ಕಾಲ."

ಚನ್ನಪ್ಪ ಕಾಲೆತ್ತಿದ.