ಕೊಕಟನೂರಿನ ತೋಟದಲ್ಲಿ ಐದು ದೇಶದ ವೈನು

ನಮ್ಮ ಅಡುಗೆಮನೆಯಲ್ಲಿ ಶೇಂಗಾ ಎಣ್ಣೆ ಇಟಲಿಯ ಬಾಟಲಿಯಲ್ಲಿದೆ. ಕೆಮ್ಮಿನ ಕಷಾಯ ಚಿಲಿಯಲ್ಲಿ, ನಿಂಬೆ ಶರಬತ್ತು ದಕ್ಷಿಣ ಆಫ್ರಿಕಾದಲ್ಲಿ. ಮನೆಗೆ ಬಂದವರು ನೀರು ಕೇಳುವ ನೆಪದಲ್ಲಿ ಒಳಗೆ ಬರುತ್ತಾರೆ, ಬಾಟಲಿಗಳ ಮೇಲೊಮ್ಮೆ ನನ್ನ ಮುಖದ ಮೇಲೊಮ್ಮೆ ಕಣ್ಣಾಡಿಸುತ್ತಾರೆ, ಏನೂ ಕೇಳದೆ ನೀರು ಕುಡಿದು ಹೊರಡುತ್ತಾರೆ. ಚಿಕ್ಕೋಡಿಯ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ನನ್ನಂಥ ಬಾಯಾರ ಮನೆಗೆ ವೈನಿನ ಬಾಟಲಿ ಹೇಗೆ ಬಂತು ಎಂದು ಬಾಯಿಬಿಟ್ಟು ಕೇಳುವ ಧೈರ್ಯ ಈ ಊರಿನಲ್ಲಿ ಯಾರಿಗೂ ಇಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ, ಯಾರಾದರೂ ಕೇಳಲಿ ಎಂದೇ ಅವುಗಳನ್ನು ಕಣ್ಣಿಗೆ ಬೀಳುವ ಹಾಗೆ ಸಾಲಾಗಿ ಇಟ್ಟಿದ್ದೇನೆ. ಯಾರೂ ಕೇಳದ್ದರಿಂದ ನಿಮ್ಮ ಮುಂದೆ ಹೇಳಿಕೊಳ್ಳುತ್ತಿದ್ದೇನೆ.

ನನ್ನ ಅಕ್ಕ ಗಂಗಕ್ಕನನ್ನು ಅಥಣಿ ತಾಲೂಕಿನ ಕೊಕಟನೂರಿಗೆ ಕೊಟ್ಟಿದೆ. ಅವರದು ದ್ರಾಕ್ಷಿ ತೋಟ. ಹಸಿರು ದ್ರಾಕ್ಷಿ ಬೆಳೆದು, ಶೆಡ್ಡಿನಲ್ಲಿ ಒಣಗಿಸಿ, ಒಣದ್ರಾಕ್ಷಿ ಮಾಡಿ ಮಾರುತ್ತಾರೆ. ಒಂದು ದಿನ ರಾಜ್ಯದ ಗಡಿಯಾಚೆಯ ವೈನ್ ಕಾರ್ಖಾನೆಯೊಂದರ ಅಧಿಕಾರಿ ತೋಟಕ್ಕೆ ಬಂದು, ಮಣ್ಣು ಹಿಡಿದು ನೋಡಿ, ಇಲ್ಲಿ ವೈನಿನ ಕಪ್ಪು ದ್ರಾಕ್ಷಿ ಹಾಕಿ, ಬೆಳೆದಷ್ಟನ್ನೂ ನಾವೇ ಒಯ್ಯುತ್ತೇವೆ ಎಂದ. ತಳಿಯ ಹೆಸರು ಶಿರಾಜ್ ಅಂತೆ. ಅಕ್ಕನ ಗಂಡ ಮಲ್ಲಪ್ಪ ಮಾಮಾ ಅದನ್ನು ಆ ದಿನದಿಂದಲೇ 'ಸಿರಾಜ' ಎಂದು ಕರೆಯತೊಡಗಿದರು. ಅವರ ಟ್ರ್ಯಾಕ್ಟರ್ ರಿಪೇರಿ ಮಾಡುವ ಗೆಳೆಯನ ಹೆಸರೂ ಸಿರಾಜನೇ ಆದ್ದರಿಂದ, ಹೊಸ ಬೆಳೆ ಅವರಿಗೆ ಮೊದಲ ದಿನವೇ ಮನೆಯವರಂತೆ ಆಗಿಬಿಟ್ಟಿತು. ಮಾಮಾ ತಯಾರಾದರು. ಬೆಳಿಯೂದು ನಮ್ಮ ಕೆಲಸ, ಕುಡಿಯೂದು ಕುಡಿಯಾವರ ಕೆಲಸ ಎಂಬುದು ಅವರ ವಾದ.

ಅಕ್ಕ ಅಡ್ಡ ನಿಂತಳು. ಕುಡಿತ ಕೆಟ್ಟದ್ದು ಅಂತಲ್ಲ. ಅವಳ ತಕರಾರೇ ಬೇರೆ.

"ನಾ ನಾಲಿಗಿಗೆ ಹಚ್ಚಲಾರದ ಬೆಳಿ ನನ್ನ ತ್ವಾಟದಾಗ ಬೆಳ್ಯಾಂಗಿಲ್ಲ," ಅಂದಳು.

ಇದು ನಮ್ಮಪ್ಪನಿಂದ ಬಂದ ಹಟ. ನಮ್ಮ ತವರು ನಿಪ್ಪಾಣಿ ಹತ್ತಿರದ ಅಕ್ಕೋಳ. ಅಪ್ಪ ತಂಬಾಕು ಬೆಳೆಯುತ್ತಿದ್ದ. ಬೀಡಿ ಸೇದಿದವನಲ್ಲ, ಎಲೆಯಡಿಕೆಯನ್ನೂ ಹಾಕಿದವನಲ್ಲ. ಆದರೆ ವ್ಯಾಪಾರಿ ಬರುವ ಮುಂಜಾನೆ ಒಂದು ಚೂರು ಎಲೆ ಮುರಿದು ತುಟಿಯೊಳಗೆ ಇಟ್ಟುಕೊಂಡು, ಕಣ್ಣಲ್ಲಿ ನೀರು ಬರುವ ತನಕ ಕೂತು, ಉಗುಳಿ, ಬಾಯಿ ತೊಳೆದು ಆಮೇಲೆ ಮಾತಿಗೆ ಕೂರುತ್ತಿದ್ದ. ತನ್ನ ಮಾಲಿನ ರುಚಿ ತನಗೇ ಗೊತ್ತಿಲ್ಲದವನು ಇನ್ನೊಬ್ಬರಿಗೆ ಏನು ಮಾರುತ್ತಾನೆ ಎಂದು ಅವನು ಕೇಳುತ್ತಿದ್ದ. ಅಕ್ಕ ಅವನ ಮಗಳು. ಅವಳ ತೋಟದಲ್ಲಿ ಅರಿಶಿನ ಹಾಕಿದ ವರ್ಷ ನಾವೆಲ್ಲ ಹಸಿ ಅರಿಶಿನ ಅಗಿದು ಹಳದಿ ಹಲ್ಲು ತೋರಿಸುತ್ತ ಓಡಾಡಿದ್ದೇವೆ.

ಆ ರಾತ್ರಿ ಅಕ್ಕನ ಫೋನು ಬಂತು. ಭೂಗೋಳ ಓದಿದಾಕೆ ನೀನು, ಯಾವ ದೇಶದ ವೈನು ಹ್ಯಾಂಗಿರತೈತಿ ನಿನಗ ಗೊತ್ತಿರಬೇಕು ಎಂದಳು. ನನಗೇನು ಗೊತ್ತು? ಚಿಲಿ ದೇಶ ನುಗ್ಗೆಕಾಯಿಯಂತೆ ಉದ್ದಕ್ಕೆ ಇದೆ ಎಂದು ವರ್ಷಾ ವರ್ಷ ಮಕ್ಕಳಿಗೆ ಹೇಳಿದ್ದೇನೆ. ಮೆಡಿಟರೇನಿಯನ್ ಹವೆಯ ಬೆಳೆಗಳು ಯಾವುವು ಎಂದು ಕೇಳಿ, 'ದ್ರಾಕ್ಷಿ' ಎಂದು ಬರೆಯದವರ ಅಂಕ ಕತ್ತರಿಸಿದ್ದೇನೆ. ಅಲ್ಲಿಯ ಒಂದೇ ಒಂದು ದ್ರಾಕ್ಷಿಯನ್ನೂ ಬಾಯಿಗೆ ಹಾಕಿಕೊಂಡಿಲ್ಲ. ಪಾಠದಲ್ಲಿ ಇದ್ದದ್ದೆಲ್ಲ ಒಣ ದೇಶಗಳು. ಅವುಗಳಿಗೆ ಗಡಿ ಇತ್ತು, ರಾಜಧಾನಿ ಇತ್ತು, ರಸ ಇರಲಿಲ್ಲ. ಹಾಗಾದರೆ ತಂದು ರುಚಿ ನೋಡೋಣ, ಒಂದಲ್ಲ ನಾಕು ದೇಶದ್ದು ತರೋಣ ಎಂದು ನನ್ನ ಬಾಯಿಂದ ಬಂದೇ ಬಂತು. ಹೇಳಿ ಫೋನು ಇಟ್ಟ ಮೇಲೆ ನನ್ನ ಎದೆ ಹೊಡೆದುಕೊಂಡ ರೀತಿ ನೋಡಿದರೆ, ನಾನು ವಿಮಾನದ ಟಿಕೆಟ್ಟೇ ತೆಗೆಸಿದ್ದೇನೆ ಎಂದುಕೊಳ್ಳಬೇಕು.

ಶನಿವಾರ ಅಕ್ಕ ತಂಗಿ ಇಬ್ಬರೂ ಬೆಳಗಾವಿಗೆ ಹೋದೆವು. ದೊಡ್ಡ ಅಂಗಡಿ, ಗಾಜಿನ ಬಾಗಿಲು. ಅಕ್ಕ ಬಾಗಿಲಲ್ಲೇ ಸೆರಗು ಹೊದ್ದು ರಸ್ತೆಯ ಕಡೆ ಮುಖ ಮಾಡಿ ನಿಂತಳು, ಬಸ್ಸಿಗೆ ಕಾಯುವವಳಂತೆ. ನಾನೊಬ್ಬಳೇ ಒಳಗೆ ಹೋಗಿ, ಬೇರೆ ಬೇರೆ ದೇಶದ್ದು, ಆದರೆ ಸೋವಿಯದ್ದು ಕೊಡಿ ಎಂದೆ. ಅಂಗಡಿಯವನು ಮರಾಠಿಯಲ್ಲಿ, ಮಾವಶಿ, ಯಾರಿಗಾದರೂ ಉಡುಗೊರೆಯೇ ಎಂದು ಕೇಳಿದ. ನಾನೂ ಮರಾಠಿಯಲ್ಲೇ, ಅಲ್ಲಪ್ಪ, ಅಭ್ಯಾಸಕ್ಕೆ ಎಂದೆ. ಮರಾಠಿಯಲ್ಲಿ ಅಭ್ಯಾಸವೆಂದರೆ ಓದು, ಅಧ್ಯಯನ. ಬಾಗಿಲಲ್ಲಿದ್ದ ಅಕ್ಕನ ಕಿವಿಗೆ ಆ ಒಂದು ಶಬ್ದವಷ್ಟೇ ಬಿದ್ದಿದೆ, ಅದೂ ಕನ್ನಡದಲ್ಲಿ ಬಿದ್ದಿದೆ. ಹೊರಗೆ ಬಂದ ಕೂಡಲೇ ನನ್ನ ರಟ್ಟೆ ಹಿಡಿದಳು.

"ಅಭ್ಯಾಸ ಐತಿ ಅಂತ ಯಾಕ ಹೇಳಿದಿ ಬೇ? ಇನ್ನಾ ಒಂದ ಹನಿ ಬಾಯಾಗ ಹೋಗಿಲ್ಲ."

ಬಾಟಲಿಗಳನ್ನು ಕೈಚೀಲದಲ್ಲಿಟ್ಟು ಮೇಲೆ ಮೆಂತೆಸೊಪ್ಪು ಮುಚ್ಚಿದೆವು. ಬಸ್ಸು ತಗ್ಗು ಇಳಿದಾಗಲೆಲ್ಲ ಚಿಲಿ ಹೋಗಿ ಇಟಲಿಗೆ ಬಡಿದು ಟಿಣ್ ಎನ್ನುತ್ತಿತ್ತು. ಪ್ರತಿ ಟಿಣ್ಣಿಗೂ ಅಕ್ಕ ಜೋರಾಗಿ ಕೆಮ್ಮಿ ಸಪ್ಪಳ ಮುಚ್ಚುತ್ತಿದ್ದಳು. ನಮ್ಮ ರಸ್ತೆಗಳ ಸ್ಥಿತಿ ನಿಮಗೆ ಗೊತ್ತೇ ಇದೆ. ಹಾರೂಗೇರಿಗೆ ಬರುವ ಹೊತ್ತಿಗೆ ಪಕ್ಕದ ಸೀಟಿನ ಮುದುಕಿಯೊಬ್ಬಳು ಕನಿಕರಪಟ್ಟು ಅಕ್ಕನಿಗೆ ಜ್ಯೇಷ್ಠಮಧುವಿನ ತುಂಡು ಕೊಟ್ಟಳು.

ಭಾನುವಾರ ಮಧ್ಯಾಹ್ನ ತೋಟದ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿ ಕೂತೆವು. ಮೊದಲು ಸ್ಟೀಲಿನ ಲೋಟಕ್ಕೆ ಹಾಕಿದೆವು, ಬಣ್ಣವೇ ಕಾಣಲಿಲ್ಲ. ಚಹಾದ ಗಾಜಿನ ಗ್ಲಾಸು ಬಂದವು. ಇಟಲಿಯ ಬಾಟಲಿಗೆ ಬಿರಡೆ ಹಾಕಿತ್ತು. ಮಾಮಾ ಅದಕ್ಕೊಂದು ಸ್ಕ್ರೂ ತಿರುವಿ ಇಕ್ಕಳದಿಂದ ಎಳೆದರು. ತಾವು ಮಾತ್ರ ಈಗಷ್ಟೇ ಚಹಾ ಕುಡಿದಿದ್ದೇನೆಂದು ದೂರ ಕೂತು, ನಮ್ಮಿಬ್ಬರನ್ನು ನೋಡಿ ಮೀಸೆಯಲ್ಲೇ ನಗುತ್ತಿದ್ದರು.

ಚಿಲಿಯ ಕೆಂಪು ವೈನಿನ ಮೊದಲ ಗುಟುಕಿಗೆ ಅಕ್ಕನ ಮುಖ ಹುಣಸೆಕಾಯಿ ಕಚ್ಚಿದಂತಾಯಿತು. ಕೆಟ್ಟು ಹೋಗೇತಿ, ಹುಳಿ ಬಂದೈತಿ ಎಂದಳು. ನನಗೂ ಹಾಗೇ ಅನ್ನಿಸಿತು. ಆದರೆ ನಾಲಿಗೆಯ ಮೇಲೆ ಏನೋ ಪರಿಚಯದ್ದು ಉಳಿಯಿತು. ಏನದು ಎಂದು ಇಬ್ಬರೂ ಬಾಯಿ ಚಪ್ಪರಿಸುತ್ತ ಕೂತೆವು. ಅಕ್ಕನಿಗೇ ಮೊದಲು ಹೊಳೆಯಿತು: ನೇರಳೆ ಹಣ್ಣು ತಿಂದ ಮೇಲೆ ಬಾಯಿ ಹಿಡಿಯುತ್ತದಲ್ಲ, ಅದೇ ಒಗರು. ಆಹಾ, ಒಗರು! ನಮ್ಮ ಹಿರಿಯರು ಷಡ್ರಸಗಳನ್ನು ಹೇಳುವಾಗ ಸಿಹಿ, ಹುಳಿ, ಉಪ್ಪು, ಖಾರ, ಕಹಿಯ ಜೊತೆಗೆ ಅದನ್ನೂ ಮರೆಯದೆ ಸೇರಿಸಿದ್ದಾರೆ. ನಾವು ಐದರ ಅಡುಗೆ ಮಾಡಿಕೊಂಡು, ಆರನೆಯದನ್ನು ಎಳೆ ಬಾಳೆಕಾಯಿಗೂ ದಾಳಿಂಬೆಯ ಸಿಪ್ಪೆಗೂ ಬಿಟ್ಟುಕೊಟ್ಟಿದ್ದೇವೆ. ಆ ಬಡ ಆರನೆಯ ರುಚಿಗೆ ಎಷ್ಟೋ ದೇಶಗಳಲ್ಲಿ ಇಷ್ಟು ಮರ್ಯಾದೆ ಇದೆ ಎಂದು ನನಗೆ ತಿಳಿದದ್ದು ಆ ಚಾಪೆಯ ಮೇಲೆ. ಇನ್ನೊಂದು ಗುಟುಕಿಗೆ ಇನ್ನೊಂದು ನೆನಪು. ಹೆರಿಗೆಯಾದ ಮೇಲೆ ಅವ್ವ ನಮಗೆ ದಿನಾ ಒಂದು ಮುಚ್ಚಳ ದ್ರಾಕ್ಷಾರಿಷ್ಟ ಕುಡಿಸುತ್ತಿದ್ದಳು. ಅದೂ ದ್ರಾಕ್ಷಿಯ ರಸವೇ, ಅದೂ ಹುದುಗಿ ಬಂದದ್ದೇ. ಔಷಧಿ ಅಂಗಡಿಯಿಂದ ಬಂತೆಂದು ಯಾರೂ ಕೆಮ್ಮಿ ಸಪ್ಪಳ ಮುಚ್ಚಿರಲಿಲ್ಲ, ಅಷ್ಟೇ ವ್ಯತ್ಯಾಸ.

ಆಮೇಲೆ ಊಟ ಬಂತು. ಊಟ ಬಂದದ್ದೇ ವೈನಿನ ಗುಣವೇ ಬದಲಾಯಿತು ನೋಡಿ. ಚಿಲಿಯ ಕೆಂಪಿನ ಜೊತೆ ಅಕ್ಕ ಕೆಂಪುಮೆಣಸಿನಕಾಯಿಯ ರಂಜಕ ನೆಕ್ಕಿದಳು. ಬಾಯಿಗೆ ಬೆಂಕಿ ಹತ್ತಿದವಳಂತೆ ಎದ್ದು ಮಜ್ಜಿಗೆಗೆ ಓಡಿದಳು. ಖಾರಕ್ಕೆ ಆ ವೈನು ಗಾಳಿ ಹಾಕುತ್ತದೆ. ದಕ್ಷಿಣ ಆಫ್ರಿಕಾದ್ದು ಬಿಳಿ ವೈನು, ನಿಂಬೆಹುಳಿಯದು. ಅದನ್ನು ಕಡಲೆಹಿಟ್ಟಿನ ಝುಣಕದ ಜೊತೆ ಕುಡಿದೆ. ಝುಣಕದ ಬೆಳ್ಳುಳ್ಳಿ ಎದ್ದು ಕೂತಿತು, ವೈನಿನ ಹುಳಿ ತಣ್ಣಗಾಯಿತು. ನಾನು ಮತ್ತೊಮ್ಮೆ ತಿಂದೆ, ಮತ್ತೊಮ್ಮೆ ಕುಡಿದೆ. ಹೌದು, ನಿಜವಾಗಿತ್ತು. ಇಟಲಿಯ ಕೆಂಪು ವೈನು ಎಣ್ಣೆಗಾಯಿ ಬದನೆಕಾಯಿಗೆ ಹೇಳಿ ಮಾಡಿಸಿದಂತೆ ಹೊಂದಿತು. ಎಣ್ಣೆಯ ಜಿಡ್ಡನ್ನು ಒಂದೊಂದು ಗುಟುಕಿಗೂ ಒರೆಸಿ, ಮುಂದಿನ ತುತ್ತಿಗೆ ಬಾಯಿಯನ್ನು ಹೊಸದು ಮಾಡಿ ಕೊಡುತ್ತಿತ್ತು. ಆಸ್ಟ್ರೇಲಿಯಾದ್ದು ಸಿಹಿ. ಶೇಂಗಾ ಹೋಳಿಗೆಯ ಜೊತೆ ಅದನ್ನು ಕುಡಿದು ಅಕ್ಕ ಕಣ್ಣು ಮುಚ್ಚಿದಳು.

ನನ್ನ ಸಂಭ್ರಮ ಏನು ಹೇಳಲಿ. ನಕಾಶೆಯಲ್ಲಿ ಕೋಲು ಇಟ್ಟು ತೋರಿಸಿದ ದೇಶಗಳೆಲ್ಲ ಬಂದು ನಮ್ಮ ಚಾಪೆಯ ಮೇಲೆ ಪಂಗತಿಗೆ ಕೂತಿದ್ದವು. ಯಾರಿಗೆ ಯಾವ ಪಲ್ಯ ಸೇರುತ್ತದೆ, ಯಾರಿಗೆ ಖಾರ ಆಗದು ಎಂದು ನೋಡಿ ನೋಡಿ ಬಡಿಸುವುದೇ ನಮ್ಮ ಕೆಲಸ. ನಾಕೇ ಗುಟುಕಿಗೆ ನನ್ನ ಕಿವಿ ಬಿಸಿಯಾಗಿದ್ದವು ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಕೊನೆಗೆ ಉಳಿದದ್ದು ಐದನೆಯ ಬಾಟಲಿ, ನಮ್ಮ ದೇಶದ್ದು. ಅದನ್ನು ಕಾರ್ಖಾನೆಯ ಅಧಿಕಾರಿಯೇ ಕೊಟ್ಟು ಹೋಗಿದ್ದ: ಸಿರಾಜನ ವೈನು. ಮರುದಿನ ಅವನು ಉತ್ತರಕ್ಕೆ ಬರುವವನಿದ್ದ. ಅಕ್ಕ ಮೂಸಿದಳು, ಒಂದು ಗುಟುಕು ಕುಡಿದಳು. ಒಗರು ಜಾಸ್ತಿ, ಆದರೆ ಹುಡುಗ ಒಳ್ಳೆಯವ ಎಂದಳು. ಹಾಕೋಣ ಎಂದಳು. ನಾನು ಗೆದ್ದೆವು ಎಂದುಕೊಂಡು ಮಾಮಾನ ಕೈಗೂ ಒಂದು ಗ್ಲಾಸು ಕೊಟ್ಟೆ. ಮಾಮಾ ಜೀವನದಲ್ಲಿ ಮೊದಲ ಬಾರಿಗೆ ವೈನು ಕುಡಿದರು, ಮತ್ತು ಗ್ಲಾಸನ್ನು ಮೆಲ್ಲಗೆ ಕೆಳಗಿಟ್ಟರು. ಅವರ ಮೀಸೆಯ ನಗು ಹೋಗಿತ್ತು.

"ಇದನ್ನ ನಾ ಬೆಳ್ಯಾಂಗಿಲ್ಲ," ಅಂದರು. "ನಮ್ಮ ದ್ರಾಕ್ಷಿ ಹುಡುಗೂರು ಕಿತ್ತಗೊಂಡು ತಿಂತಾವ. ಇದನ್ನ ಯಾರ ತಿಂತಾರ? ಕಷಾಯ ಇದ್ದಂಗ ಐತಿ."

ಬೇಕೆಂದವರು ಬೇಡವೆಂದರು, ಬೇಡವೆಂದವಳು ಬೇಕೆಂದಳು. ನೀವು ಕುಡೀಬ್ಯಾಡ್ರಿ, ಬೆಳದು ಕೊಟ್ರ ಸಾಕಲ್ಲ ಎಂದು ಅಕ್ಕ ಅವರ ಹಳೆಯ ವಾದವನ್ನೇ ಅವರಿಗೆ ತಿರುಗಿಸಿದಳು. ಅವರು ಅವಳ ವಾದವನ್ನೇ ಅವಳಿಗೆ ತಿರುಗಿಸಿದರು: ನಾಲಿಗೆಗೆ ಸೇರದ್ದನ್ನು ಬೆಳೆಯಬಾರದು ಎಂದವಳು ನೀನೇ ಅಲ್ಲವೇ? ಮಾಮಾ ಚೇಷ್ಟೆ ಮಾಡುತ್ತಿರಲಿಲ್ಲ. ಅವರು ನಿಜವಾಗಿಯೂ ಬೇಸರಪಟ್ಟಿದ್ದರು. ಬಳ್ಳಿಯ ಜೊತೆ ದಿನವೆಲ್ಲ ಇರುವವರು ಅವರು. ಚಾಟಣಿ ಎಂದು ಬಳ್ಳಿಯ ಕುಡಿ ಕತ್ತರಿಸುವವರು, ಗೊನೆಗೆ ಕೈ ಹಚ್ಚಿ ನೋಡುವವರು ಅವರು. ಮನಸ್ಸು ಒಲ್ಲದ ಬಳ್ಳಿಯನ್ನು ಮುದ್ದು ಮಾಡುವುದು ಹೇಗೆ?

ಅಕ್ಕ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು. ಈಗ ನಡೆದದ್ದು ರುಚಿ ನೋಡುವುದಲ್ಲ, ಗಂಡನಿಗೂ ವೈನಿಗೂ ಸಂಬಂಧ ಕೂಡಿಸುವುದು. ಝುಣಕ ಇಟ್ಟಳು; ಮಾಮಾ ಕುಡಿದು, ಕಬ್ಬಿಣ ನೆಕ್ಕಿದಂಗಾತು ಎಂದರು. ಹೋಳಿಗೆ ಕೊಟ್ಟಳು, ಇದ್ದ ಹುಳಿ ಇಮ್ಮಡಿಯಾಯಿತು. ನಾನು ಚಿಲಿಯ ಪಾಠ ಕಲಿತಿದ್ದರಿಂದ ರಂಜಕದ ಬಟ್ಟಲನ್ನು ಬೆನ್ನ ಹಿಂದೆ ಬಚ್ಚಿಟ್ಟೆ. ಸಾಕು ಬಿಡು ಎಂದು ಮಾಮಾ ಏಳಲು ಹೊರಟರು. ಹೊಟ್ಟೆ ಹಸಿದೈತಿ, ಸುಮ್ಮನ ಒಂದು ರೊಟ್ಟಿ ಹಾಕು ಎಂದರು.

ಅಕ್ಕ ಹಂಚಿನ ಮೇಲಿಂದ ಬಿಸಿ ಜೋಳದ ರೊಟ್ಟಿ ತಂದಳು. ಮುಂಜಾನೆ ಕಡೆದ ಬೆಣ್ಣೆಯನ್ನು ಇಷ್ಟು ದಪ್ಪ ಉಂಡೆ ಮಾಡಿ ಮೇಲಿಟ್ಟಳು, ಉಪ್ಪು ಉದುರಿಸಿದಳು, ಪಕ್ಕದಲ್ಲಿ ಒಂದು ಎಣ್ಣೆಗಾಯಿ. ಬೆಣ್ಣೆ ಕರಗಿ ರೊಟ್ಟಿಯ ಅಂಚಿಗೆ ಹರಿಯಿತು. ಮಾಮಾ ದೊಡ್ಡ ತುತ್ತು ಮಾಡಿ ಬಾಯಿಗಿಟ್ಟರು. ತುತ್ತು ಬಾಯಲ್ಲಿರುವಾಗಲೇ ಅಕ್ಕ ಗ್ಲಾಸು ಮುಂದೆ ಸರಿಸಿದಳು. ಅವರು ಹೆಂಡತಿಯ ಮೇಲಿನ ಮರ್ಯಾದೆಗೆಂದು ಒಂದು ಗುಟುಕು ಕುಡಿದರು.

ಕುಡಿದು ಜಗಿಯುವುದನ್ನು ನಿಲ್ಲಿಸಿದರು. ಆಮೇಲೆ ಮತ್ತೆ ಜಗಿದರು, ಇನ್ನೊಂದು ತುತ್ತು ಮುರಿದರು, ಬೆಣ್ಣೆಗೆ ಒತ್ತಿದರು, ಈ ಸಲ ತಾವೇ ಗ್ಲಾಸಿಗೆ ಕೈ ಹಾಕಿದರು. ಬೆಣ್ಣೆ ಆ ಒಗರಿಗೆ ಮೂಗುದಾರ ಹಾಕಿತ್ತು. ಒಳಗೆ ಅಡಗಿದ್ದ ಹಣ್ಣು ಹೊರಗೆ ಬಂದಿತ್ತು. ನಾನೂ ಅವರ ತಾಟಿನಿಂದಲೇ ಒಂದು ಚೂರು ಮುರಿದು ತಿಂದು, ಕುಡಿದು ನೋಡಿದೆ. ಇದೇ ಬಾಟಲಿಯೇ ಎಂದು ತಿರುಗಿಸಿ ನೋಡುವಷ್ಟು ಬೇರೆಯಾಗಿತ್ತು.

ಮಾಮಾ ಇಡೀ ರೊಟ್ಟಿ ಮುಗಿಸಿದರು. ಬೆರಳು ನೆಕ್ಕಿಕೊಂಡು ಕೊನೆಗೆ ಹೇಳಿದರು:

"ನಾವ ಸುಳ್ಳ ಹೆದರಿದ್ವಿ. ಇದು ಕುಡಿಯೂದಲ್ಲ. ರೊಟ್ಟಿಗೆ ಹಚ್ಚಗೊಂಡು ಉಣ್ಣೂದು."

ವೈನಿನ ಬಗ್ಗೆ ದೊಡ್ಡ ದೊಡ್ಡ ಗ್ರಂಥಗಳು ಇವೆಯಂತೆ. ನಾನು ಓದಿಲ್ಲ. ಓದಿದರೂ ಇದಕ್ಕಿಂತ ಹೆಚ್ಚು ತಿಳಿಯುತ್ತಿತ್ತು ಎಂದು ನನಗೆ ಅನಿಸುವುದಿಲ್ಲ. ಕುಡಿಯುವುದೆಂದರೆ ನಮ್ಮ ಕಡೆ ಊಟ ಬಿಟ್ಟು, ಮನೆ ಬಿಟ್ಟು, ಮುಖ ಮುಚ್ಚಿಕೊಂಡು ಮಾಡುವ ಕೆಲಸ. ತಾಟಿನ ಪಕ್ಕಕ್ಕೆ ಬಂದು ಕೂತ ಕೂಡಲೇ ಅದೂ ಚಟ್ನಿ ಮೊಸರುಗಳ ಹಾಗೆ ಅಳತೆ ಕಲಿತುಬಿಡುತ್ತದೆ. ಮಾಮಾ ಅರ್ಧ ಗ್ಲಾಸು ಕುಡಿದು, ರೊಟ್ಟಿ ಮುಗಿಯಿತೆಂದು ಉಳಿದದ್ದನ್ನು ಬಿಟ್ಟು ಕೈ ತೊಳೆದರು. ರೊಟ್ಟಿ ಇಲ್ಲದೆ ಬರೀ ಚಟ್ನಿ ಯಾರು ತಿನ್ನುತ್ತಾರೆ?

ಮರುದಿನ ಒಪ್ಪಿಗೆ ಆಯಿತು. ಎಲ್ಲ ತೋಟವನ್ನೂ ಕಿತ್ತು ಹಾಕಲಿಲ್ಲ. ಬಾವಿಯ ಮಗ್ಗುಲಿನ ಒಂದು ತುಂಡಿನಲ್ಲಿ ಮಾತ್ರ ಸಿರಾಜನನ್ನು ನೆಟ್ಟರು. ಬಳ್ಳಿ ಹಬ್ಬಿತು, ಕಾಯಿ ಕಪ್ಪಾದವು. ಟ್ರ್ಯಾಕ್ಟರಿನ ಸಿರಾಜ ಬಂದು ತನ್ನ ಹೆಸರಿನ ಹಣ್ಣಿನ ಎರಡು ಕಾಳು ತಿಂದು, ಬೀಜ ಬಾಳ ಅದಾವ ಎಂದು ಉಗುಳಿ ಹೋದ. ಹಣ್ಣು ಗಡಿ ದಾಟಿ ಹೋಯಿತು.

ಮೊನ್ನೆ ಆ ಫಸಲಿನ ಮೊದಲ ಬಾಟಲಿ ಬಂತು. ನಾನು ಆ ದಿನ ರಜೆ ಹಾಕಿ ಹೋದೆ. ಮಾಮಾ ಅದನ್ನು ಎರಡೂ ಕೈಯಲ್ಲಿ ಕೂಸಿನಂತೆ ಹಿಡಿದುಕೊಂಡು ಬೆಳಕಿಗೆ ತಿರುಗಿಸಿ ನೋಡಿದರು. ಹಿಂದಿನ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಸಣ್ಣಗೆ ಏನೋ ಅಚ್ಚಾಗಿತ್ತು. ಓದ್ರಿ ಬಾಯಾರ, ನಮ್ಮ ಹಣ್ಣಿನ ಬಗ್ಗೆ ಏನ ಬರದಾರ ಅಂದರು. ಕಪ್ಪು ಹಣ್ಣಿನ ಪರಿಮಳ, ಕಾಳುಮೆಣಸಿನ ಸುಳಿವು ಎಂದು ಓದಿ ಹೇಳಿದೆ. ತಲೆಯಾಡಿಸಿದರು. ಕೆಂಡದಲ್ಲಿ ಸುಟ್ಟ ಮಾಂಸ ಮತ್ತು ಹಳೆಯ ಚೀಸಿನೊಂದಿಗೆ ಸವಿಯಿರಿ ಎಂದು ಕೊನೆಯ ಸಾಲನ್ನೂ ಓದಿದೆ.

ಮಾಮಾನಿಗೆ ಸಿಟ್ಟು ಬರಲಿಲ್ಲ. ಬಾಟಲಿಯ ಧೂಳನ್ನು ಅಂಗೈಯಿಂದ ಒರೆಸಿದರು.

"ಪಾಪ," ಅಂದರು, "ಅವರಿಗೆ ಎಲ್ಲಿಂದ ರೊಟ್ಟಿ ಸಿಗಬೇಕು. ಏನ ಸಿಗತೈತೋ ಅದರ ಕೂಡ ಉಣ್ತಾರ."